ಸಿಲಿಂಡರ್ ಇದ್ದರೂ ಡೈವರ್ ಆಳಕ್ಕೆ ಯಾಕೆ ಇಳಿಯಲ್ಲ? ನೀರಿನಾಳದ ಗಾಳಿ ಲೆಕ್ಕ, ದೇಹದ ಲೆಕ್ಕ: ಪೂರ್ತಿ ಮಾಹಿತಿ ಇಲ್ಲಿದೆ

ಕಮತಗಿ: ಹೊಳೆಯಲ್ಲೋ, ನೀರು ತುಂಬಿದ ಕ್ವಾರಿಯಲ್ಲೋ ಯಾರಾದರೂ ಮುಳುಗಿ ಹುಡುಕಾಟ ನಡೆದಾಗ ದಂಡೆ ಮೇಲೆ ಒಂದು ಮಾತು ಕೇಳೇ ಕೇಳ್ತದೆ. "ಬೆನ್ನಿಗೆ ಆಕ್ಸಿಜನ್ ಸಿಲಿಂಡರ್ ಐತಲ್ಲ, ಇನ್ನೂ ಕೆಳಗ ಹೋಗಾಕ ಏನ್ ಧಾಡಿ ಇವರಿಗೆ?"

ಈ ಮಾತನ್ನು ನಾನೂ ಆಡಿದ್ದೇನೆ. ಆಡಿದ್ದಷ್ಟೇ ಅಲ್ಲ, ಬರೆದಿದ್ದೇನೆ. ಕೆಲವು ವರ್ಷಗಳ ಹಿಂದೆ ನೀರು ನಿಂತ ಕ್ವಾರಿಯೊಂದರಲ್ಲಿ ಯುವಕನೊಬ್ಬ ಮುಳುಗಿದ್ದ. ಇಳಿದಿದ್ದ ಡೈವರ್ ಸ್ವಲ್ಪ ಹೊತ್ತಿಗೆ ಮೇಲೆ ಬಂದು, ಇವತ್ತಿಗೆ ಸಾಕು, ನಾಳೆ ಬೆಳಗ್ಗೆ ನೋಡೋಣ ಅಂದರು. ಮನೆಯವರು ಗೋಳಾಡ್ತಿದ್ದರು, ಜನ ಬೈತಿದ್ದರು. ನಾನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡು, ಅರ್ಧಕ್ಕೇ ಕೈಬಿಟ್ಟರು ಅಂತ ಸುದ್ದಿ ಹಾಕಿದೆ. ಆಮೇಲೆ ಅದೇ ಡೈವರ್ ಚಹಾದಂಗಡಿಯಲ್ಲಿ ಸಿಕ್ಕರು. ಜಗಳ ಆಡಲಿಲ್ಲ. ಒಂದು ಹಾಳೆ ಇಸಕೊಂಡು ಲೆಕ್ಕ ಬರೆದು ತೋರಿಸಿದರು. ಅವತ್ತು ಗೊತ್ತಾಯ್ತು, ಅದು ಧೈರ್ಯದ ಪ್ರಶ್ನೆ ಅಲ್ಲ, ಲೆಕ್ಕದ ಪ್ರಶ್ನೆ ಅಂತ. ಪಿಯುಸಿಯಲ್ಲಿ ಓದಿದ ಫಿಸಿಕ್ಸ್ ನನಗೆ ಅರ್ಥ ಆಗಿದ್ದೂ ಅವತ್ತೇ.

ಆ ಲೆಕ್ಕವನ್ನು ಎಲ್ಲರಿಗೂ ತಿಳಿಯೋ ಹಾಗೆ ಇಲ್ಲಿ ಬರೆದಿದ್ದೇನೆ. ಮುರ್ಡೇಶ್ವರಕ್ಕೆ ಟ್ರಿಪ್ ಹೋಗಿ ಸ್ಕೂಬಾ ಮಾಡುವವರಿಗೂ, ಬಾವಿಗೆ ಇಳಿಯುವವರಿಗೂ, ದಂಡೆ ಮೇಲೆ ನಿಲ್ಲುವ ನಮ್ಮಂಥವರಿಗೂ ಇದು ಬೇಕಾಗ್ತದೆ.

ಸಿಲಿಂಡರ್‌ನಲ್ಲಿ ಇರೋದು ಆಕ್ಸಿಜನ್ ಅಲ್ಲ

ಮೊದಲು ಒಂದು ತಪ್ಪು ತಿದ್ದಿಕೊಳ್ಳೋಣ. ಪತ್ರಿಕೆಯವರೂ ಟಿವಿಯವರೂ 'ಆಕ್ಸಿಜನ್ ಸಿಲಿಂಡರ್' ಅಂತಲೇ ಹೇಳ್ತೇವೆ. ಸಾಮಾನ್ಯ ಸ್ಕೂಬಾ ಸಿಲಿಂಡರ್‌ನಲ್ಲಿ ಇರೋದು ನಾವು ಉಸಿರಾಡೋ ಗಾಳಿಯೇ. ಅದನ್ನು ಸೋಸಿ, ಒತ್ತಿ ತುಂಬಿರ್ತಾರೆ. ಅದರಲ್ಲಿ ಶೇ 21ರಷ್ಟು ಆಮ್ಲಜನಕ, ಶೇ 78ರಷ್ಟು ಸಾರಜನಕ. ಶುದ್ಧ ಆಮ್ಲಜನಕ ತುಂಬಿಕೊಂಡು 6 ಮೀಟರ್‌ಗಿಂತ ಕೆಳಗೆ ಇಳಿದರೆ ಅದೇ ಪ್ರಾಣಕ್ಕೆ ಕುತ್ತು. ಯಾಕೆ ಅನ್ನೋದು ಮುಂದೆ ಬರ್ತದೆ.

ಸಾಮಾನ್ಯವಾಗಿ ಬಳಸೋದು 12 ಲೀಟರ್ ಸಿಲಿಂಡರ್. ಅದರಲ್ಲಿ 200 ಬಾರ್ ಒತ್ತಡಕ್ಕೆ ಗಾಳಿ ತುಂಬ್ತಾರೆ. 12 × 200 ಅಂದರೆ 2,400 ಲೀಟರ್ ಗಾಳಿ. ಇದು ಡೈವರ್‌ನ ಗಲ್ಲಾಪೆಟ್ಟಿಗೆ. ಒಳಗೆ ಹೋದಮೇಲೆ ಇದಕ್ಕೆ ಒಂದು ರೂಪಾಯಿಯೂ ಜಮಾ ಆಗಲ್ಲ, ಖರ್ಚು ಮಾತ್ರ.

ಪ್ರತಿ 10 ಮೀಟರ್‌ಗೆ ಒಂದು ಹೊರೆ

ನಾವು ನೆಲದ ಮೇಲೆ ನಿಂತಾಗಲೂ ಮೇಲಿನ ಗಾಳಿಯ ಭಾರ ನಮ್ಮ ಮೇಲೆ ಇರ್ತದೆ. ಅದನ್ನು 1 ವಾತಾವರಣ ಒತ್ತಡ ಅಂತಾರೆ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಇನ್ನೊಂದು ವಾತಾವರಣದಷ್ಟು ಒತ್ತಡ ಕೂಡ್ತದೆ. 10 ಮೀಟರ್‌ನಲ್ಲಿ 2, 20ರಲ್ಲಿ 3, 30ರಲ್ಲಿ 4, 100 ಮೀಟರ್‌ನಲ್ಲಿ 11.

ಒತ್ತಡ ಎರಡು ಪಟ್ಟಾದರೆ ಎದೆ ತುಂಬ ಎಳೆದುಕೊಳ್ಳೋ ಒಂದೊಂದು ಉಸಿರಿಗೂ ಎರಡು ಪಟ್ಟು ಗಾಳಿ ಖರ್ಚಾಗ್ತದೆ. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡೋ ಮನುಷ್ಯನಿಗೆ ಅದೇ 2,400 ಲೀಟರ್ ಗಾಳಿ ಎಷ್ಟು ಹೊತ್ತು ಬರ್ತದೆ ನೋಡ್ರಿ:

ನೀರಿನ ಮೇಲೆ: 120 ನಿಮಿಷ
10 ಮೀಟರ್ ಆಳದಲ್ಲಿ: 60 ನಿಮಿಷ
20 ಮೀಟರ್: 40 ನಿಮಿಷ
30 ಮೀಟರ್: 30 ನಿಮಿಷ
40 ಮೀಟರ್: 24 ನಿಮಿಷ
100 ಮೀಟರ್: ಸುಮಾರು 11 ನಿಮಿಷ
270 ಮೀಟರ್: 4 ನಿಮಿಷ ಚಿಲ್ಲರೆ

ಇದು ಶಾಂತವಾಗಿ ಉಸಿರಾಡಿದರೆ. ಭಯ ಬಿದ್ದರೆ, ಸೆಳವಿನ ವಿರುದ್ಧ ಈಜಿದರೆ, ಕೆಸರಿನಲ್ಲಿ ತಡಕಾಡಿದರೆ ಉಸಿರು ಎರಡು ಮೂರು ಪಟ್ಟು ಆಗ್ತದೆ. ಆಗ 30 ಮೀಟರ್‌ನಲ್ಲಿ 30 ನಿಮಿಷ ಬರಬೇಕಾದದ್ದು 10-15 ನಿಮಿಷಕ್ಕೇ ಮುಗೀತದೆ.

ವಾಪಸ್ ಬರೋ ಗಾಳಿ ಮೊದಲು ತೆಗೆದಿಡಬೇಕು

ಹುಬ್ಬಳ್ಳಿಗೆ ಮಾಲು ತರಲು ಹೋಗೋ ವ್ಯಾಪಾರಿ ವಾಪಸ್ ಬರೋ ಬಸ್ ಚಾರ್ಜನ್ನು ಬೇರೆ ಕಿಸೆಯಲ್ಲಿ ಇಟ್ಟುಕೊಂಡಿರ್ತಾನೆ. ಎಷ್ಟೇ ಒಳ್ಳೆ ಮಾಲು ಸಿಕ್ಕರೂ ಆ ದುಡ್ಡು ಮುಟ್ಟಲ್ಲ. ಡೈವರ್‌ನ ಗಾಳಿ ಲೆಕ್ಕವೂ ಹೀಗೇ. ಹೋಗೋದಕ್ಕೆ ಎಷ್ಟು ಅಂತ ಆಮೇಲೆ ನೋಡ್ತಾರೆ, ಬರೋದಕ್ಕೆ ಎಷ್ಟು ಅಂತ ಮೊದಲು ನೋಡ್ತಾರೆ. ಅದೂ ಒಬ್ಬನಿಗಲ್ಲ, ಇಬ್ಬರಿಗೆ. ಜೊತೆಗಾರನ ಸಿಲಿಂಡರ್ ಕೈಕೊಟ್ಟರೆ ಇಬ್ಬರೂ ಒಂದೇ ಸಿಲಿಂಡರ್ ಮೇಲೆ ಮೇಲೆ ಬರಬೇಕು. ಗಾಬರಿಯಲ್ಲಿ ಒಬ್ಬೊಬ್ಬರು ನಿಮಿಷಕ್ಕೆ 30 ಲೀಟರ್, ಇಬ್ಬರೂ ಸೇರಿ 60 ಲೀಟರ್ ಅಂತ ಹಿಡಿಯೋಣ.

30 ಮೀಟರ್ ಆಳದಿಂದ ಮೇಲೆ ಬರೋ ಲೆಕ್ಕ:

ತಳದಲ್ಲಿ ತೊಂದರೆ ಸರಿಮಾಡಿಕೊಳ್ಳಲು 1 ನಿಮಿಷ: 60 × 4 = 240 ಲೀಟರ್
ನಿಮಿಷಕ್ಕೆ 10 ಮೀಟರ್‌ನಂತೆ ಮೇಲೇರಲು 3 ನಿಮಿಷ, ಸರಾಸರಿ ಒತ್ತಡ 2.5: 450 ಲೀಟರ್
5 ಮೀಟರ್‌ನಲ್ಲಿ 3 ನಿಮಿಷ ನಿಲ್ಲಲು, ಒತ್ತಡ 1.5: 270 ಲೀಟರ್
ಒಟ್ಟು: 960 ಲೀಟರ್

12 ಲೀಟರ್ ಸಿಲಿಂಡರ್‌ಗೆ ಇದು 80 ಬಾರ್. ಅಂದರೆ ಮೀಟರ್ ಮುಳ್ಳು 80ಕ್ಕೆ ಬರುವ ಮೊದಲೇ ಡೈವರ್ ಮೇಲಕ್ಕೆ ಹೊರಡಬೇಕು. ಕೆಲಸಕ್ಕೆ ಉಳಿಯೋದು 120 ಬಾರ್, ಅಂದರೆ 1,440 ಲೀಟರ್. 30 ಮೀಟರ್ ಆಳದಲ್ಲಿ ಅದು 18 ನಿಮಿಷ. ಮೇಲಿನ ಪಟ್ಟಿಯಲ್ಲಿ 30 ನಿಮಿಷ ಅಂತಿದ್ದದ್ದು ಕೈಗೆ ಸಿಕ್ಕಿದ್ದು 18 ನಿಮಿಷ ಮಾತ್ರ. ಇಳಿಯೋ ಹೊತ್ತೂ ಅದರಲ್ಲೇ ಬಂತು.

ಗುಹೆ, ಮುಳುಗಿದ ಹಡಗಿನಂಥ ಜಾಗದಲ್ಲಿ ತಲೆ ಮೇಲೆ ನೇರ ದಾರಿ ಇರಲ್ಲ. ಅಲ್ಲಿ ಇನ್ನೂ ಬಿಗಿ. ಮೂರರಲ್ಲೊಂದು ಪಾಲು ಗಾಳಿ ಹೋಗಲು, ಒಂದು ಪಾಲು ಬರಲು, ಇನ್ನೊಂದು ಪಾಲು ಆಪತ್ತಿಗೆ ಅಂತ ಮೀಸಲಿಡ್ತಾರೆ.

ಹಾಗಾಗಿ ಮುಂದೆ ಡೈವರ್ ಒಬ್ಬರು ಕಾಲು ಗಂಟೆಗೆ ಮೇಲೆ ಬಂದರೆ, ಸಿಲಿಂಡರ್‌ನಲ್ಲಿ ಇನ್ನೂ ಗಾಳಿ ಇದ್ದರೆ, ಅದು ಕಳ್ಳಾಟ ಅಲ್ಲ. ಆ ಗಾಳಿ ಅವರ ಬಸ್ ಚಾರ್ಜು.

ಅದೇ ಗಾಳಿ ವಿಷ ಆಗೋದು ಹೇಗೆ?

ಹಾಗಾದರೆ ನಾಲ್ಕು ಸಿಲಿಂಡರ್ ಕಟ್ಟಿಕೊಂಡು ಹೋಗಲಿ ಅನ್ನಬಹುದು. ಇಲ್ಲಿ ಎರಡನೇ ಲೆಕ್ಕ ಶುರುವಾಗ್ತದೆ, ದೇಹದ ಲೆಕ್ಕ. ಮೇಲೆ ನಮ್ಮನ್ನು ಬದುಕಿಸೋ ಗಾಳಿಯೇ ಆಳದಲ್ಲಿ ಮೂರು ರೀತಿಯಲ್ಲಿ ತಿರುಗಿ ಬೀಳ್ತದೆ.

ಒಂದು, ಸಾರಜನಕದ ಅಮಲು. ಸುಮಾರು 30 ಮೀಟರ್ ದಾಟಿದ ಮೇಲೆ ಸಾರಜನಕ ಮೆದುಳಿಗೆ ಅಮಲು ತರಿಸ್ತದೆ. ಕುಡಿದವರ ಹಾಗೆ ನಗು, ಹುಚ್ಚು ಧೈರ್ಯ, ಮರೆವು. ಮೀಟರ್ ನೋಡಿದರೂ ಎಷ್ಟಿದೆ ಅಂತ ತಲೆಗೆ ಹತ್ತಲ್ಲ. ಫ್ರಾನ್ಸ್ ನೌಕಾಪಡೆಯ ಮೊರಿಸ್ ಫಾರ್ಗ್ ಅನ್ನೋ ಡೈವರ್ 1947ರಲ್ಲಿ ಬರೀ ಗಾಳಿ ಕಟ್ಟಿಕೊಂಡು ಸುಮಾರು 120 ಮೀಟರ್‌ವರೆಗೆ ಇಳಿದರು. ಅಲ್ಲಿ ಕಟ್ಟಿದ್ದ ಹಲಗೆಯಲ್ಲಿ ಸಹಿ ಹಾಕಿದರು. ಆದರೆ ಜೀವಂತ ಮೇಲೆ ಬರಲಿಲ್ಲ.

ಎರಡು, ಆಮ್ಲಜನಕದ ವಿಷ. ಆಮ್ಲಜನಕದ ಪಾಲಿನ ಒತ್ತಡ 1.4ರೊಳಗೆ ಇರಬೇಕು, ಏನೂ ಕೆಲಸ ಮಾಡದೆ ಸುಮ್ಮನೆ ನಿಂತಿರುವಾಗ 1.6ರವರೆಗೆ ನಡೀತದೆ ಅನ್ನೋದು ಡೈವಿಂಗ್‌ನ ನಿಯಮ. ಮಾಮೂಲಿ ಗಾಳಿಯಲ್ಲಿ ಈ 1.4ರ ಗಡಿ ಸುಮಾರು 57 ಮೀಟರ್‌ಗೆ, 1.6ರ ಗಡಿ 66 ಮೀಟರ್‌ಗೆ ಬರ್ತದೆ. ಶುದ್ಧ ಆಮ್ಲಜನಕಕ್ಕೆ 6 ಮೀಟರ್‌ಗೇ 1.6 ಬಂದುಬಿಡ್ತದೆ. ಇದನ್ನು ಮೀರಿದರೆ ಮೂರ್ಛೆ ರೋಗದಂತೆ ಫಿಟ್ಸ್ ಬರಬಹುದು. ಮುನ್ಸೂಚನೆ ಇರ್ತದೆ ಅನ್ನೋ ಖಾತ್ರಿ ಇಲ್ಲ. ನೆಲದ ಮೇಲೆ ಫಿಟ್ಸ್ ಬಂದರೆ ಹಿಡಿದುಕೊಳ್ಳಲು ನಾಲ್ಕು ಜನ ಇರ್ತಾರೆ. ನೀರೊಳಗೆ ಬಾಯಿಂದ ನಳಿಗೆ ಕಳಚಿದರೆ ಅಲ್ಲಿಗೆ ಮುಗೀತು.

ಮೂರು, ಹೊರಗೆ ಹೋಗದ ಇಂಗಾಲದ ಡೈಆಕ್ಸೈಡ್. ಇದರ ಬಗ್ಗೆ ಮಾತಾಡೋದು ಕಡಿಮೆ, ಕೊಲ್ಲೋದು ಜಾಸ್ತಿ. ಒತ್ತಡ ಹೆಚ್ಚಿದಂತೆ ಗಾಳಿ ದಪ್ಪ ಆಗ್ತದೆ. ಮೇಲೆ ಒಂದು ಲೀಟರ್ ಗಾಳಿ 1.2 ಗ್ರಾಂ ತೂಗಿದರೆ, 30 ಮೀಟರ್‌ನಲ್ಲಿ ಸುಮಾರು 5 ಗ್ರಾಂ, 40 ಮೀಟರ್‌ನಲ್ಲಿ 6 ಗ್ರಾಂ. ಲೀಟರ್‌ಗೆ 5.2 ಗ್ರಾಂ ಒಳಗಿರಲಿ, ಏನೇ ಆದರೂ 6.2 ದಾಟಬಾರದು ಅನ್ನೋದು ಈಗಿನ ತಜ್ಞರ ಸಲಹೆ. ದಪ್ಪ ಗಾಳಿಯನ್ನು ಎಳೆದು ಬಿಡೋದೇ ಒಂದು ದುಡಿಮೆ. ದುಡಿದಷ್ಟೂ ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅದು ಹೊರಗೆ ಹೋಗದೆ ರಕ್ತದಲ್ಲೇ ಉಳಿದರೆ ಏದುಸಿರು, ಏದುಸಿರಿನಿಂದ ಗಾಬರಿ, ಗಾಬರಿಯಿಂದ ಇನ್ನಷ್ಟು ದುಡಿಮೆ. ಕೊನೆಗೆ ಪ್ರಜ್ಞೆ ತಪ್ತದೆ. ಸಿಲಿಂಡರ್‌ನಲ್ಲಿ ಗಾಳಿ ಇರುವಾಗಲೇ ಮನುಷ್ಯ ಹೋಗಿರ್ತಾನೆ.

ಈ ಕಾರಣಕ್ಕೇ ಮೋಜಿನ ಡೈವಿಂಗ್‌ಗೆ 40 ಮೀಟರ್ ಅಂತ ಗೆರೆ ಹಾಕಿದ್ದಾರೆ. ಹೊಸದಾಗಿ ಕೋರ್ಸ್ ಮುಗಿಸಿದವರಿಗೆ 18 ಮೀಟರ್, ಮುಂದಿನ ಹಂತದವರಿಗೆ 30 ಮೀಟರ್.

ಹೀಲಿಯಂ ಬೆರೆಸಿದರೆ?

40 ಮೀಟರ್ ದಾಟಿ ಆಳಕ್ಕೆ ಹೋಗುವವರು ಗಾಳಿಗೆ ಹೀಲಿಯಂ ಬೆರೆಸ್ತಾರೆ. ಇದಕ್ಕೆ ಟ್ರೈಮಿಕ್ಸ್ ಅಂತ ಹೆಸರು. ಹೀಲಿಯಂ ಹಗುರ, ಅಮಲು ತರಿಸಲ್ಲ. ಆಮ್ಲಜನಕದ ಪಾಲನ್ನೂ ಇಳಿಸ್ತಾರೆ. 100 ಮೀಟರ್ ಆಳಕ್ಕೆ ಆಮ್ಲಜನಕ ಶೇ 10 ಇದ್ದರೆ ಸಾಕು, ಒತ್ತಡ 11 ಇರೋದರಿಂದ ಪಾಲು 1.1 ಆಗ್ತದೆ.

ಆದರೆ ಅದೇ ಶೇ 10ರ ಮಿಶ್ರಣವನ್ನು ನೀರಿನ ಮೇಲ್ಭಾಗದಲ್ಲಿ ಉಸಿರಾಡಿದರೆ ಆಮ್ಲಜನಕ ಸಾಲದೆ ಮನುಷ್ಯ ಬಿದ್ದುಹೋಗ್ತಾನೆ. ಹಾಗಾಗಿ ಇಳಿಯಲು ಒಂದು ಮಿಶ್ರಣ, ತಳದಲ್ಲಿ ಇನ್ನೊಂದು, ಬರುವಾಗ 21 ಮೀಟರ್‌ನಿಂದ ಮೇಲೆ ಶೇ 50 ಆಮ್ಲಜನಕದ್ದು, 6 ಮೀಟರ್‌ಗೆ ಬಂದಮೇಲೆ ಶುದ್ಧ ಆಮ್ಲಜನಕ ಅಂತ ಬೇರೆ ಬೇರೆ ಸಿಲಿಂಡರ್ ಇಟ್ಟುಕೊಳ್ತಾರೆ. ಪ್ರತಿ ಸಿಲಿಂಡರ್ ಮೇಲೂ ಎಷ್ಟು ಆಳದವರೆಗೆ ಬಳಸಬಹುದು ಅಂತ ದೊಡ್ಡದಾಗಿ ಬರೆದಿರ್ತಾರೆ. ಇಳಿಯೋ ಮೊದಲು ಮೀಟರ್ ಹಚ್ಚಿ ಒಳಗೇನಿದೆ ಅಂತ ಪರೀಕ್ಷೆ ಮಾಡ್ತಾರೆ. ಕತ್ತಲಲ್ಲಿ, ಚಳಿಯಲ್ಲಿ ತಪ್ಪು ನಳಿಗೆ ಬಾಯಿಗೆ ಹಾಕಿಕೊಂಡರೆ ಅದೇ ಕೊನೆ.

ಹೀಲಿಯಂಗೂ ತನ್ನದೇ ಕಾಟ ಇದೆ. ಅದು ಮೈಶಾಖವನ್ನು ಬೇಗ ಎಳೀತದೆ, ಬೆಲೆಯೂ ಜಾಸ್ತಿ. ಸುಮಾರು 150 ಮೀಟರ್ ದಾಟಿ ಬೇಗ ಇಳಿದರೆ ಕೈ ನಡುಕ, ತಲೆಸುತ್ತು, ವಾಂತಿ ಶುರುವಾಗಬಹುದು. ಇದು ಒತ್ತಡ ನರಗಳಿಗೆ ಕೊಡೋ ತೊಂದರೆ.

ಉದ್ರಿ ತೀರಿಸದೆ ಮೇಲೆ ಬರಂಗಿಲ್ಲ

ಆಳದಲ್ಲಿದ್ದಷ್ಟು ಹೊತ್ತೂ ಉಸಿರಿನ ಸಾರಜನಕ, ಹೀಲಿಯಂ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗ್ತಾ ಹೋಗ್ತದೆ. ಆಳ ಹೆಚ್ಚಾದಷ್ಟೂ, ಹೊತ್ತು ಹೆಚ್ಚಾದಷ್ಟೂ ಜಾಸ್ತಿ. ಇದನ್ನು ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಅಂತ ತಿಳಕೊಳ್ರಿ. ಮೇಲೆ ಬರುವಾಗ ಒಂದೊಂದೇ ಆಳದಲ್ಲಿ ನಿಂತು, ಉಸಿರಿನ ಮೂಲಕ ಸ್ವಲ್ಪ ಸ್ವಲ್ಪ ತೀರಿಸಬೇಕು.

ತೀರಿಸದೆ ಸರ್ರನೆ ಮೇಲೆ ಬಂದರೆ? ಗೋಲಿ ಸೋಡಾ ಬಾಟಲಿಯ ಗೋಲಿ ಒತ್ತಿದಾಗ ಏನಾಗ್ತದೆ ನೋಡೇ ಇರ್ತೀರಿ. ಅಲ್ಲಿವರೆಗೆ ಕಾಣದ ಗ್ಯಾಸ್ ಗುಳ್ಳೆಯಾಗಿ ಉಕ್ಕುತ್ತದೆ. ಮನುಷ್ಯನ ರಕ್ತದಲ್ಲೂ ಹಾಗೇ ಗುಳ್ಳೆ ಏಳ್ತದೆ. ಕೀಲು ನೋವು, ಚರ್ಮದ ತುರಿಕೆ, ಕಾಲು ಜೋಮು, ತಲೆಸುತ್ತು, ಉಸಿರು ಕಟ್ಟೋದು, ಕೆಟ್ಟದಾದರೆ ಲಕ್ವ, ಸಾವು. ಇದಕ್ಕೆ ಡಿಕಂಪ್ರೆಷನ್ ಕಾಯಿಲೆ ಅಂತಾರೆ. ಮೇಲೆ ಬಂದ ಕೆಲವೇ ನಿಮಿಷಕ್ಕೂ ಬರಬಹುದು, ಎಷ್ಟೋ ತಾಸು ಬಿಟ್ಟೂ ಬರಬಹುದು. ಬ್ರಿಟನ್ನಿನ ವಿಜ್ಞಾನಿ ಜೆ. ಎಸ್. ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ಮಾಡಿ, ಎಷ್ಟು ಆಳದಲ್ಲಿ ಎಷ್ಟು ನಿಲ್ಲಬೇಕು ಅನ್ನೋ ಪಟ್ಟಿಯನ್ನು 1908ರಲ್ಲಿ ಪ್ರಕಟಿಸಿದರು. ಈಗಿನ ಡೈವ್ ಕಂಪ್ಯೂಟರ್‌ಗಳ ಲೆಕ್ಕಕ್ಕೆ ಬುನಾದಿ ಅದೇ.

ಈ ಉದ್ರಿ ಎಷ್ಟು ದೊಡ್ಡದು ಅನ್ನೋದಕ್ಕೆ ಒಂದು ಉದಾಹರಣೆ. ಈಜಿಪ್ಟಿನ ಅಹ್ಮದ್ ಗಬ್ರ್ 2014ರ ಸೆಪ್ಟೆಂಬರ್ 18ರಂದು ಕೆಂಪು ಸಮುದ್ರದಲ್ಲಿ 332.35 ಮೀಟರ್ ಇಳಿದದ್ದು ಗಿನ್ನೆಸ್ ದಾಖಲೆ. ನಮ್ಮ ವಿಜಯಪುರದ ಗೋಳಗುಮ್ಮಟ ಸುಮಾರು 51 ಮೀಟರ್ ಎತ್ತರ. ಆರೂವರೆ ಗೋಳಗುಮ್ಮಟ ಒಂದರ ಮೇಲೊಂದು ಇಟ್ಟಷ್ಟು ಆಳ ಅದು. ಇಳಿಯೋಕೆ ಹಿಡಿದದ್ದು ಹೆಚ್ಚುಕಡಿಮೆ ಕಾಲು ಗಂಟೆ. ಮೇಲೆ ಬರೋಕೆ 13 ತಾಸಿಗೂ ಹೆಚ್ಚು. ಅಷ್ಟು ತಾಸು ನೀರಲ್ಲಿರಲು ಬೇಕಾದ ಗಾಳಿಯನ್ನು ಒಬ್ಬನೇ ಹೊರೋಕಾಗಲ್ಲ. ಹಗ್ಗದ ಗುಂಟ ಸಿಲಿಂಡರ್ ಕಟ್ಟಿಟ್ಟು, ಸಹಾಯಕ ಡೈವರ್‌ಗಳು ಪಾಳಿಯಲ್ಲಿ ಇಳಿದು ಕೊಟ್ಟರೆ ಮಾತ್ರ ಸಾಧ್ಯ.

ಶವ ತರಲು ಹೋದವನೇ ಬರಲಿಲ್ಲ

ನಮ್ಮ ದಂಡೆ ಮೇಲಿನ ಪ್ರಶ್ನೆಗೆ ಬಹಳ ಹತ್ತಿರದ ಘಟನೆ ಒಂದಿದೆ. ನಡೆದದ್ದು ದಕ್ಷಿಣ ಆಫ್ರಿಕಾದಲ್ಲಿ. ಅಲ್ಲಿ ಬೋಸ್ಮನ್ಸ್‌ಗಟ್ ಅನ್ನೋ ನೀರು ತುಂಬಿದ ಪಾತಾಳ ಗುಹೆ ಇದೆ. 1994ರಲ್ಲಿ ಅಲ್ಲಿ ಒಬ್ಬ ಯುವ ಡೈವರ್ ಮುಳುಗಿದ, ಶವ ಸಿಗಲಿಲ್ಲ. ಹತ್ತು ವರ್ಷದ ಮೇಲೆ, 2004ರ ಅಕ್ಟೋಬರ್‌ನಲ್ಲಿ, ಆಸ್ಟ್ರೇಲಿಯಾದ ಡೇವಿಡ್ ಶಾ ಸುಮಾರು 270 ಮೀಟರ್ ಆಳದ ತಳಕ್ಕೆ ಇಳಿದಾಗ ಆ ಶವ ಕಂಡಿತು. ವೃತ್ತಿಯಲ್ಲಿ ಅವರು ವಿಮಾನದ ಪೈಲಟ್. ಹೆತ್ತವರಿಗೆ ಮಗನ ದೇಹ ತಂದುಕೊಡಬೇಕು ಅಂತ ಮನಸ್ಸು ಮಾಡಿದರು.

2005ರ ಜನವರಿ 8ರಂದು ದೊಡ್ಡ ತಂಡ ಕಟ್ಟಿಕೊಂಡು ಮತ್ತೆ ಇಳಿದರು. ಹೊಸ ಹುಡುಗ ಅಲ್ಲ, ಯೋಜನೆ ಇಲ್ಲದೆಯೂ ಹೋಗಿರಲಿಲ್ಲ. ಬಳಸಿದ್ದು ರೀಬ್ರೀದರ್. ಬಿಟ್ಟ ಉಸಿರನ್ನು ಸುಣ್ಣದಂಥ ರಾಸಾಯನಿಕದಲ್ಲಿ ಸೋಸಿ ಮತ್ತೆ ಬಳಸೋ ಯಂತ್ರ ಅದು, ಗಾಳಿ ಬಹಳ ಉಳೀತದೆ. ಆದರೆ ತಳದಲ್ಲಿ ಶವವನ್ನು ಚೀಲಕ್ಕೆ ಹಾಕುವಾಗ ಹಗ್ಗ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಉಸಿರು ಹೆಚ್ಚಾಯ್ತು. ಒತ್ತಡ 28 ಪಟ್ಟು, ಉಸಿರಿನ ಗ್ಯಾಸ್ ದಪ್ಪ. ಇಂಗಾಲದ ಡೈಆಕ್ಸೈಡ್ ಏರಿ ಪ್ರಜ್ಞೆ ತಪ್ಪಿತು. ಅವರ ತಲೆಗೆ ಕಟ್ಟಿದ್ದ ಕ್ಯಾಮೆರಾದಲ್ಲಿ ಇದೆಲ್ಲ ದಾಖಲಾಗಿತ್ತು. ಸಹಾಯಕ್ಕೆ ಇಳಿದ ಗೆಳೆಯ ಡಾನ್ ಶರ್ಲಿಯ ಯಂತ್ರವೂ ಕೈಕೊಟ್ಟಿತು. ಅವರು ಹೇಗೋ ಬದುಕಿ ಬಂದರು, ಆದರೆ ಒಳಗಿವಿಗೆ ಆದ ಹಾನಿ ಶಾಶ್ವತವಾಗಿ ಉಳಿಯಿತು.

ನಾಲ್ಕು ದಿನದ ಮೇಲೆ ತಂಡದವರು ಹಗ್ಗ ಮೇಲೆ ಎಳೆಯುವಾಗ ಎರಡೂ ದೇಹ ಮೇಲೆ ಬಂದವು. ಶಾ ಕೊಟ್ಟ ಮಾತು ಉಳಿಯಿತು, ಶಾ ಉಳಿಯಲಿಲ್ಲ.

ಹಾಗಾದರೆ ನೌಕಾಪಡೆಯವರು ಹೇಗೆ ಇಳೀತಾರೆ?

ಅಷ್ಟು ಆಳದ ಕೆಲಸವನ್ನು ನೌಕಾಪಡೆಯವರು, ತೈಲ ಕಂಪನಿಯವರು ಬೆನ್ನಿನ ಸಿಲಿಂಡರ್ ನಂಬಿ ಮಾಡಲ್ಲ. ಡೈವರ್‌ಗಳು ಹಡಗಿನ ಮೇಲಿನ ಒತ್ತಡದ ಕೋಣೆಯಲ್ಲೇ ದಿನಗಟ್ಟಲೆ ವಾಸ ಮಾಡ್ತಾರೆ. ಗಂಟೆಯಾಕಾರದ ತೊಟ್ಟಿಯಲ್ಲಿ ಕೂತು ಇಳೀತಾರೆ, ಗ್ಯಾಸ್ ಮೇಲಿನಿಂದ ಪೈಪಿನಲ್ಲಿ ಬರ್ತದೆ. 2025ರ ಜುಲೈ 18ರಂದು ವಿಶಾಖಪಟ್ಟಣದಲ್ಲಿ ನೌಕಾಪಡೆಗೆ ಸೇರಿದ ಐಎನ್ಎಸ್ ನಿಸ್ತಾರ್ ಹಡಗು 300 ಮೀಟರ್‌ವರೆಗೆ ಈ ರೀತಿಯ ಕೆಲಸಕ್ಕೆಂದೇ ಕಟ್ಟಿದ್ದು. ಅಲ್ಲೂ ಉದ್ರಿ ತಪ್ಪಲ್ಲ. ಅಂಥ ಆಳದಿಂದ ಮಾಮೂಲಿ ಒತ್ತಡಕ್ಕೆ ಬರಲು ಕೋಣೆಯೊಳಗೆ ಹತ್ತು ದಿನದ ಮೇಲೇ ಬೇಕು.

ನಮ್ಮ ನೀರಿಗೆ ಇದು ಹೇಗೆ ಅನ್ವಯ?

ನಮ್ಮ ಕಡೆ 300 ಮೀಟರ್ ಆಳ ಎಲ್ಲಿದೆ ಅಂತ ಕೇಳಬಹುದು. ಇಲ್ಲ. ಆಲಮಟ್ಟಿ ಅಣೆಕಟ್ಟಿನ ಎತ್ತರವೇ ಸುಮಾರು 50 ಮೀಟರ್. ಆದರೆ ನಮ್ಮ ನೀರಿಗೆ ನಾಲ್ಕು ಬೇರೆ ತೊಂದರೆ ಇವೆ.

ನಮ್ಮ ನೆಲ ಎತ್ತರದ್ದು. ಆಲಮಟ್ಟಿ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್. 300 ಮೀಟರ್‌ಗಿಂತ ಎತ್ತರದ ಜಾಗದಲ್ಲಿ ಸಮುದ್ರದ ಡೈವಿಂಗ್ ಪಟ್ಟಿ ಹಾಗೇ ಬಳಸಂಗಿಲ್ಲ. ಮೇಲೆ ಗಾಳಿಯ ಒತ್ತಡ ಕಡಿಮೆ ಇರೋದರಿಂದ ಗುಳ್ಳೆ ಬೇಗ ಏಳ್ತದೆ. ಕರಾವಳಿಯಿಂದ ಬಂದ ಡೈವರ್ ಇಲ್ಲಿ ಇನ್ನೂ ಹುಷಾರಾಗಿ ಲೆಕ್ಕ ಹಾಕಬೇಕು.

ಏನೂ ಕಾಣಲ್ಲ. ಮಲಪ್ರಭೆ, ಕೃಷ್ಣೆಯ ಕೆಂಪು ನೀರಿನಲ್ಲಿ ತನ್ನ ಕೈ ತನಗೆ ಕಾಣದು. ಮೀಟರ್ ಮುಳ್ಳು ಓದಲೂ ಆಗದಿದ್ದರೆ ಗಾಳಿ ಲೆಕ್ಕ ಎಲ್ಲಿಂದ ಬರಬೇಕು? ಬಲೆ, ಜಾಲಿ ಮುಳ್ಳು, ಹಳೇ ತಂತಿ ಸಿಕ್ಕಿಕೊಂಡರೆ 10 ಮೀಟರ್ ಆಳವೂ ಸಾಕು.

ಸೆಳವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನಿಮಗೆ ನೆನಪಿದೆ. ಗಂಗಾವಳಿ ನದಿಯಲ್ಲಿ ನೌಕಾಪಡೆಯ ಮುಳುಗು ತಜ್ಞರಿದ್ದರು, ಮಲ್ಪೆಯ ಈಶ್ವರ್ ಮಲ್ಪೆ ಇದ್ದರು. ಆದರೂ ಸೆಳವಿನ ಮುಂದೆ ದಿನಗಟ್ಟಲೆ ಕಾಯಬೇಕಾಯ್ತು. ಕೇರಳದ ಚಾಲಕನ ಲಾರಿ ಹೊರಗೆ ಬಂದದ್ದು ಗೋವಾದಿಂದ ಡ್ರೆಜರ್ ತಂದ ಮೇಲೆ, ಸೆಪ್ಟೆಂಬರ್ 25ಕ್ಕೆ. ಅಷ್ಟು ದಿನವೂ ಟಿವಿಯಲ್ಲಿ, ಮೊಬೈಲ್‌ನಲ್ಲಿ 'ಯಾಕೆ ಇಳೀತಿಲ್ಲ' ಅಂತ ಕೇಳಿದವರು ನಾವೇ.

ಬಾವಿ. ಹಳೇ ಬಾವಿಯ ತಳದಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ನಿಂತಿರಬಹುದು. ಇದು ನೀರಿಗೆ ಇಳಿಯೋ ಮೊದಲೇ ಕೊಲ್ಲುತ್ತದೆ. ಮೋಟಾರ್ ತೆಗೆಯಲು ಇಳಿದವನು ಕುಸಿದರೆ, ಉಳಿಸಲು ಇಳಿದ ಎರಡನೆಯವನೂ ಕುಸೀತಾನೆ. ದೀಪ ಇಳಿಬಿಟ್ಟಾಗ ಆರಿದರೆ ಇಳಿಯಲೇಬಾರದು. ದೀಪ ಉರೀತಿದೆ ಅಂತ ಎಲ್ಲಾ ಸರಿಯಿದೆ ಅಂತಲೂ ಅಲ್ಲ. ಪಂಕ್ಚರ್ ಅಂಗಡಿಯ ಕಂಪ್ರೆಸರ್‌ಗೆ ಪೈಪ್ ಸಿಕ್ಕಿಸಿ ನೀರಿಗೆ ಇಳಿಯೋ ಐಡಿಯಾ ಕೆಲವರಿಗೆ ಬರ್ತದೆ. ಆ ಗಾಳಿಯಲ್ಲಿ ಎಣ್ಣೆ ಹಬೆ, ಎಂಜಿನ್ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಸೇರಬಹುದು. ಟೈರಿಗೆ ಸರಿ, ಎದೆಗೆ ಅಲ್ಲ.

ನೇತ್ರಾಣಿಗೆ ಹೋಗೋರು ಗಮನಿಸಿ

ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗೋ ನೇತ್ರಾಣಿ ದ್ವೀಪಕ್ಕೆ ನಮ್ಮ ತಾಲೂಕಿನಿಂದಲೂ ಹುಡುಗರು ಹೋಗ್ತಾರೆ. ಹೆದರಿಸೋದು ಈ ಬರಹದ ಉದ್ದೇಶ ಅಲ್ಲ. ಹೊಸಬರನ್ನು ತರಬೇತುದಾರರು ಕೈಹಿಡಿದೇ ಇಳಿಸ್ತಾರೆ, 12 ಮೀಟರ್ ಒಳಗೇ ಇರ್ತಾರೆ. ಇಷ್ಟು ನೆನಪಿಟ್ಟರೆ ಸಾಕು:

1. ನೀರೊಳಗೆ ಉಸಿರು ಹಿಡಿಯಬೇಡಿ. 10 ಮೀಟರ್‌ನಲ್ಲಿ ಎಳೆದ ಉಸಿರು ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಹಿಡಿದುಕೊಂಡು ಬಂದರೆ ಶ್ವಾಸಕೋಶ ಹರಿಯಬಹುದು.
2. ಕಿವಿ ನೋವು ಬಂದರೆ ತಕ್ಷಣ ಸನ್ನೆ ಮಾಡಿ. ನೆಗಡಿ ಇದ್ದ ದಿನ ಇಳಿಯಲೇಬೇಡಿ.
3. ಅಸ್ತಮಾ, ಹೃದಯದ ತೊಂದರೆ, ಫಿಟ್ಸ್ ಇದ್ದರೆ ಫಾರ್ಮ್‌ನಲ್ಲಿ ಮುಚ್ಚಿಡಬೇಡಿ, ಮೊದಲು ಡಾಕ್ಟರ್‌ಗೆ ಕೇಳಿ. ಗರ್ಭಿಣಿಯರು ಇಳಿಯಬಾರದು. ಕುಡಿದು ಇಳಿಯೋ ಮಾತೇ ಇಲ್ಲ.
4. ಡೈವ್ ಮುಗಿಸಿದ ಕೂಡಲೇ ಘಟ್ಟ ಹತ್ತಬೇಡಿ. ವಿಮಾನಕ್ಕೆ, 600 ಮೀಟರ್‌ಗಿಂತ ಎತ್ತರದ ಜಾಗಕ್ಕೆ ಹೋಗೋ ಮೊದಲು ಒಂದೇ ಡೈವ್ ಆಗಿದ್ದರೆ 12 ತಾಸು, ಒಂದಕ್ಕಿಂತ ಹೆಚ್ಚಾಗಿದ್ದರೆ 18 ತಾಸು ಬಿಡಬೇಕು ಅನ್ನೋದು ಸಲಹೆ. ನಾವು ವಾಪಸ್ ಬರೋ ದಾರಿಯ ಹುಬ್ಬಳ್ಳಿಯೇ 600 ಮೀಟರ್ ಮೇಲಿದೆ. ಹೊಸಬರ ಒಂದು ಸಣ್ಣ ಡೈವ್‌ಗೆ ಅಪಾಯ ಕಡಿಮೆ, ಆದರೂ ಆ ರಾತ್ರಿ ಮುರ್ಡೇಶ್ವರದಲ್ಲೇ ಉಳಿದು ಬೆಳಗ್ಗೆ ಹೊರಡೋದು ಒಳ್ಳೇದು.
5. ಮನೆಗೆ ಬಂದಮೇಲೆ ಕೀಲು ನೋವು, ಜೋಮು, ತಲೆಸುತ್ತು ಬಂದರೆ ದಣಿವು ಅಂತ ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಸ್ಕೂಬಾ ಮಾಡಿದ್ದೆ ಅಂತ ಮೊದಲ ಮಾತಲ್ಲೇ ಹೇಳಿ. ಅಲ್ಲಿ ಮೊದಲ ಚಿಕಿತ್ಸೆ ಶುದ್ಧ ಆಮ್ಲಜನಕ, ಆಮೇಲೆ ಒತ್ತಡದ ಕೋಣೆ ಇರೋ ಆಸ್ಪತ್ರೆ.

ದಂಡೆ ಮೇಲಿರೋ ನಾವು ಏನು ಮಾಡಬೇಕು?

ಯಾರಾದರೂ ಮುಳುಗ್ತಿದ್ದರೆ ಹಾರಬೇಡಿ. ಹಗ್ಗ, ಸೀರೆ, ಟ್ಯೂಬ್, ಬಾಯಿ ಬಿಗಿದ ಖಾಲಿ ಕ್ಯಾನ್, ಏನಾದರೂ ಎಸೆಯಿರಿ. 112ಕ್ಕೆ ಫೋನ್ ಮಾಡಿ. ಕೊನೆಗೆ ಕಂಡ ಜಾಗವನ್ನು ಎದುರಿನ ಮರವನ್ನೋ ಬಂಡೆಯನ್ನೋ ಗುರುತು ಮಾಡಿ ನೆನಪಿಡಿ. ಹುಡುಕುವವರಿಗೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ, ಅವರ ಒಂದೊಂದು ನಿಮಿಷದ ಗಾಳಿ ಉಳೀತದೆ.

ಮುಳುಗಿ ಬಹಳ ಹೊತ್ತಾಗಿದ್ದರೆ, ಕಷ್ಟವಾದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಆಗ ಹುಡುಕೋದು ದೇಹವನ್ನು. ಅದಕ್ಕಾಗಿ ಇನ್ನೊಂದು ಜೀವ ಒತ್ತೆ ಇಡೋದು ಸರಿಯಲ್ಲ. ಬೋಟು, ಪಾತಾಳಗರಡಿ, ಹಗಲು ಬೆಳಕು, ಇಳಿದ ಸೆಳವು, ಇವುಗಳಿಗೆ ಕಾಯೋದು ಸೋಮಾರಿತನ ಅಲ್ಲ. ಇಳಿಯಲು ಒಲ್ಲೆ ಅಂದ ಡೈವರ್‌ಗೆ ಬೈದು ಇಳಿಸಿದರೆ, ಅವರ ಮನೆಯಲ್ಲೂ ಕಾಯೋರು ಇದ್ದಾರೆ ಅನ್ನೋದು ನೆನಪಿರಲಿ.

ಆ ಕ್ವಾರಿಯಲ್ಲಿ ಮರುದಿನ ಬೆಳಗ್ಗೆ ಅದೇ ಡೈವರ್ ಮೊದಲು ಇಳಿದದ್ದು. ಯುವಕನ ದೇಹ ಮೇಲೆ ಬಂತು, ಮನೆಯವರಿಗೆ ಮಣ್ಣು ಮಾಡಲು ಸಿಕ್ಕಿತು. ಅದನ್ನು ನಾನು ಎರಡು ಸಾಲಿನ ಸುದ್ದಿ ಮಾಡಿದ್ದೆ. ಹಿಂದಿನ ದಿನ ಬೈದು ಬರೆದದ್ದು ಹನ್ನೆರಡು ಸಾಲು ಇತ್ತು. ಆ ಲೆಕ್ಕ ಸರಿಮಾಡಲು ಇಷ್ಟು ಉದ್ದ ಬರೆಯಬೇಕಾಯ್ತು.